ಒಂದು ಹಿಡಿ ಅಕ್ಕಿ ಎರಡು ಸಲ ಒಂದೇ ಥರ ಬೀಳುವುದಿಲ್ಲ

ಪಿಎಚ್‌ಡಿಯ ಎರಡನೇ ವರ್ಷದಲ್ಲಿ ನಾನು ಏಳು ತಿಂಗಳು ಒಂದೇ ರಿಯಾಕ್ಷನ್ ಮಾಡಿದೆ. ಬೆಳಿಗ್ಗೆ ಎಂಟಕ್ಕೆ ಲ್ಯಾಬ್ ಬಾಗಿಲು ತೆಗೆದು ಆರ್‌ಬಿ ಫ್ಲಾಸ್ಕ್ ಏರಿಸುವುದು, ರಿಯಾಕ್ಷನ್ ಎಲ್ಲಿಗೆ ಬಂತು ಎಂದು ಗಂಟೆಗೊಮ್ಮೆ ಟಿಎಲ್‌ಸಿ ನೋಡುವುದು, ಬೇಕಾದದ್ದನ್ನು ಬೇರ್ಪಡಿಸಲು ಸಂಜೆ ಕಾಲಮ್ ಹಾಕುವುದು, ಬಂದದ್ದನ್ನು ತೂಗುವುದು. ಮೇಜಿನ ಮೇಲೆ ಪ್ರಿಂಟ್ ತೆಗೆದ ಒಂದು ಪೇಪರ್ ಇತ್ತು. ಅದರ ಪ್ರಕಾರ ಅವರು ಹೇಳಿದ ಕ್ಯಾಟಲಿಸ್ಟ್, ಅಂದರೆ ರಿಯಾಕ್ಷನ್ ಚುರುಕು ಮಾಡುವ ವಸ್ತು, ಬಳಸಿದರೆ ಶೇ 94 ಈಲ್ಡ್ ಬರಬೇಕು. ಅಂದರೆ ಸಿಗಬಹುದಾದ ನೂರು ಪಾಲಿನಲ್ಲಿ 94 ಪಾಲು ಕೈಗೆ ಸಿಗಬೇಕು. ನನಗೆ ಸಿಗುತ್ತಿದ್ದದ್ದು 30, 32. ಒಂದು ಸಲ 41 ಬಂತು. ಆ ದಿನ ಖುಷಿಗೆ ಹಾಸ್ಟೆಲ್ ಗೆಳತಿಯರಿಗೆಲ್ಲ ಟೀ ಕುಡಿಸಿದೆ. ಮರುದಿನ ಮತ್ತೆ 29.

ನಮ್ಮ ಗೈಡ್ ಒಳ್ಳೆಯವರು. ಆದರೆ ಅವರಿಗೂ ಬೇಸರ ಬಂದಿತ್ತು. "ನಿನ್ನ ಕೈಯಲ್ಲೇ ಏನೋ ತಪ್ಪಾಗ್ತಿದೆ ನೋಡಮ್ಮಾ" ಎಂದರು ಒಂದು ದಿನ. ನಾನೂ ಅದನ್ನೇ ನಂಬಿದ್ದೆ. ಸಾಲ್ವೆಂಟ್ ಒಣಗಿಸಿದ್ದು ಸಾಲದೇನೋ, ನೈಟ್ರೋಜನ್ ಸರಿಯಾಗಿ ಹೋಗುತ್ತಿಲ್ಲವೇನೋ, ತೂಕದ ಬ್ಯಾಲೆನ್ಸೇ ಕೆಟ್ಟಿದೆಯೇನೋ. ಎಲ್ಲವನ್ನೂ ಅನುಮಾನಿಸಿದೆ, ಆ ಪೇಪರ್ ಒಂದನ್ನು ಬಿಟ್ಟು. ಅದು ಅಚ್ಚಾಗಿತ್ತು. ತಿಳಿದವರು ಇಬ್ಬರು ಮೂವರು ಓದಿ ಸರಿ ಎಂದ ಮೇಲೇ ಅಚ್ಚಾಗಿರುತ್ತದೆ. ಹಾಗಿದ್ದ ಮೇಲೆ ತಪ್ಪು ನನ್ನದೇ ಅಲ್ವಾ?

ಆ ಕ್ಯಾಟಲಿಸ್ಟಿನಲ್ಲಿದ್ದ ಪೆಲ್ಲೇಡಿಯಂ ಲೋಹ ದುಬಾರಿ. ಒಂದೊಂದು ಸಲ ತೂಗುವಾಗಲೂ ಕೈ ನಡುಗುತ್ತಿತ್ತು. ಫೆಲೋಶಿಪ್ ದುಡ್ಡು ಯಾವಾಗಲೋ ಒಮ್ಮೆ ಬರುತ್ತಿದ್ದ ಕಾಲ ಅದು. ಮನೆಯಿಂದ ಅಮ್ಮ ಫೋನ್ ಮಾಡಿ "ಇನ್ನೆಷ್ಟು ದಿನನೇ?" ಎಂದು ಕೇಳುತ್ತಿದ್ದರು. ಎಂಟನೇ ತಿಂಗಳು ಆ ದಾರಿ ಬಿಟ್ಟು ಬೇರೆ ಕ್ಯಾಟಲಿಸ್ಟ್ ಹಿಡಿದೆ. ಕೆಲಸ ಸಾಗಿತು. ಆದರೆ ನನ್ನ ಕೈ ಸರಿಯಿಲ್ಲ ಎಂಬ ಅಳುಕು ಮಾತ್ರ ಒಳಗೇ ಉಳಿಯಿತು.

ಎರಡು ವರ್ಷ ಆದ ಮೇಲೆ ಥೀಸಿಸ್ ಬರೆಯುವಾಗ ಅದೇ ಪೇಪರನ್ನು ಕಂಪ್ಯೂಟರಿನಲ್ಲಿ ತೆರೆದೆ. ಏನೋ ಒಂದು ಪುಟದ ಸಂಖ್ಯೆ ಬೇಕಾಗಿತ್ತು, ಅಷ್ಟೇ. ಅದರಲ್ಲಿ ಎರಡು ಎಕ್ಸ್‌ಆರ್‌ಡಿ ಗ್ರಾಫ್ ಇದ್ದವು, ಎಕ್ಸ್-ರೇ ಹಾಯಿಸಿ ವಸ್ತುವಿನ ಒಳರಚನೆ ನೋಡುವ ಗ್ರಾಫ್. ಒಂದು ಹೊಸ ಕ್ಯಾಟಲಿಸ್ಟಿನದು. ಇನ್ನೊಂದು ಅದನ್ನೇ ಐದು ಸಲ ಬಳಸಿದ ಮೇಲೆ ತೆಗೆದದ್ದು. ಐದು ಸಲ ಬಳಸಿದರೂ ಅದು ಹಾಗೇ ಉಳಿದಿದೆ ಎಂದು ತೋರಿಸಲು ಎರಡನ್ನೂ ಒಂದರ ಕೆಳಗೊಂದು ಇಟ್ಟಿದ್ದರು. ಪ್ರಿಂಟಿನಲ್ಲಿ ಅವು ಸಣ್ಣ ಗೆರೆಗಳು. ಪರದೆಯ ಮೇಲೆ ದೊಡ್ಡದು ಮಾಡಿದಾಗ ಕಂಡಿತು. ಶಿಖರಗಳು ಒಂದೇ ಆಗಿದ್ದರೆ ತಪ್ಪೇನಿಲ್ಲ, ಅವರು ಹೇಳುತ್ತಿದ್ದದ್ದೇ ಅದು. ಆದರೆ ಶಿಖರಗಳ ನಡುವೆ ಗೆರೆ ನಡುಗುತ್ತದಲ್ಲ, ಆ ನಡುಕವೂ ಒಂದೇ ಆಗಿತ್ತು. ಪ್ರತಿ ಏರು, ಪ್ರತಿ ಇಳಿತ.

ಆ ನಡುಕಕ್ಕೆ ನಾವು ನಾಯ್ಸ್ ಎನ್ನುತ್ತೇವೆ. ಯಂತ್ರದ ಒಳಗಿನ ಸಣ್ಣಪುಟ್ಟ ಅಲುಗಾಟ ಅದು. ಅದಕ್ಕೆ ಅರ್ಥವಿಲ್ಲ, ಲೆಕ್ಕವಿಲ್ಲ. ಹಾಗಾಗಿಯೇ ಅದು ಎರಡು ಸಲ ಒಂದೇ ರೀತಿ ಬರುವುದಿಲ್ಲ. ಒಂದು ಹಿಡಿ ಅಕ್ಕಿಯನ್ನು ನೆಲದ ಮೇಲೆ ಚೆಲ್ಲಿ ನೋಡಿ. ಎತ್ತಿಕೊಂಡು ಮತ್ತೆ ಚೆಲ್ಲಿ. ಒಂದೊಂದು ಕಾಳೂ ಮೊದಲು ಬಿದ್ದ ಜಾಗದಲ್ಲೇ ಬಂದು ಬಿತ್ತು ಎಂದು ಯಾರಾದರೂ ಹೇಳಿದರೆ ನಂಬುತ್ತೀರಾ? ಎರಡನೇ ಗ್ರಾಫ್ ತೆಗೆದೇ ಇರಲಿಲ್ಲ. ಮೊದಲನೆಯದನ್ನೇ ನಕಲು ಮಾಡಿ ಕೆಳಗೆ ಇಟ್ಟಿದ್ದರು.

ಆ ಪೇಪರಿನ, ಆ ಜರ್ನಲ್ಲಿನ ಹೆಸರು ಇಲ್ಲಿ ಬರೆಯುವುದಿಲ್ಲ. ಒಂದು ಗ್ರಾಫ್ ಸುಳ್ಳಾದರೆ ಶೇ 94 ಕೂಡ ಸುಳ್ಳೇ ಎಂದು ನಾನು ಸಾಬೀತು ಮಾಡಲಾರೆ. ನನಗೆ ಗೊತ್ತಿರುವುದು ಏಳು ತಿಂಗಳು, ಮತ್ತು ಆ ಎರಡು ಗೆರೆ.

ನಾಯ್ಸ್ ನೋಡಿ ಸುಳ್ಳು ಹಿಡಿದ ದೊಡ್ಡ ಕಥೆಯೊಂದನ್ನು ಆಮೇಲೆ ಓದಿದೆ. ಅಮೆರಿಕದ ಬೆಲ್ ಲ್ಯಾಬ್ಸ್ ಎಂದರೆ ಟ್ರಾನ್ಸಿಸ್ಟರ್ ಹುಟ್ಟಿದ ಜಾಗ. ಅಲ್ಲಿ ಯಾನ್ ಹೆಂಡ್ರಿಕ್ ಶೋನ್ ಎಂಬ ಜರ್ಮನಿಯ ಯುವ ಭೌತವಿಜ್ಞಾನಿ ಇದ್ದರು. 2000, 2001ರಲ್ಲಿ ನೇಚರ್, ಸೈನ್ಸ್ ಪತ್ರಿಕೆಗಳಲ್ಲಿ ಅವರ ಪೇಪರ್‌ಗಳು ಒಂದರ ಹಿಂದೊಂದು ಬಂದವು. ಒಂದೇ ಅಣುವಿನಿಂದ ಟ್ರಾನ್ಸಿಸ್ಟರ್ ಮಾಡಿದ್ದೇವೆ ಎಂದರು. ಸಾವಯವ ಹರಳುಗಳನ್ನು ತಡೆಯೇ ಇಲ್ಲದೆ ವಿದ್ಯುತ್ ಹರಿಸುವ ಸೂಪರ್‌ಕಂಡಕ್ಟರ್ ಮಾಡಿದ್ದೇವೆ ಎಂದರು. 2001ರಲ್ಲಿ ಸರಾಸರಿ ಎಂಟು ದಿನಕ್ಕೊಂದು ಪೇಪರ್. ನೊಬೆಲ್ ಬರುತ್ತದೆ ಎಂದು ಜನ ಮಾತಾಡಿಕೊಳ್ಳುತ್ತಿದ್ದರು.

ಬೇರೆ ಬೇರೆ ದೇಶಗಳ ಲ್ಯಾಬುಗಳಲ್ಲಿ ಹುಡುಗರು, ಹುಡುಗಿಯರು ಅದನ್ನು ಮತ್ತೆ ಮಾಡಲು ಕೂತರು. ಯಾರಿಗೂ ಬರಲಿಲ್ಲ. ನಮ್ಮ ಕೈಯಲ್ಲೇ ಏನೋ ತಪ್ಪಾಗುತ್ತಿದೆ ಎಂದುಕೊಂಡವರು ಅಲ್ಲಿ ಎಷ್ಟು ಜನ ಇದ್ದರೋ. 2002ರಲ್ಲಿ ಪ್ರಿನ್ಸ್‌ಟನ್ನಿನ ಲಿಡಿಯಾ ಸೋನ್ ಮತ್ತು ಕಾರ್ನೆಲ್‌ನ ಪಾಲ್ ಮೆಕ್ಯೂಯೆನ್ ಗ್ರಾಫುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರು. ಬೇರೆ ಬೇರೆ ಪ್ರಯೋಗ, ಬೇರೆ ಬೇರೆ ಪೇಪರ್, ಆದರೆ ನಾಯ್ಸ್ ಒಂದೇ. ತಪ್ಪಿ ಬೇರೆ ಗ್ರಾಫ್ ಕಳಿಸಿಬಿಟ್ಟೆ ಎಂದರು ಶೋನ್. ಅಷ್ಟರಲ್ಲಿ ಮೂರನೇ ಪೇಪರಿನಲ್ಲೂ ಅದೇ ನಾಯ್ಸ್ ಸಿಕ್ಕಿತು.

ಸ್ಟ್ಯಾನ್‌ಫರ್ಡ್‌ನ ಮಾಲ್ಕಮ್ ಬೀಸ್ಲಿ ಅವರ ಸಮಿತಿ ತನಿಖೆ ಮಾಡಿತು. 24 ಆರೋಪಗಳಲ್ಲಿ 16 ನಿಜ ಎಂದು ಆ ವರ್ಷದ ಸೆಪ್ಟೆಂಬರಿನಲ್ಲಿ ವರದಿ ಕೊಟ್ಟಿತು. ಲ್ಯಾಬ್ ನೋಟ್‌ಬುಕ್ ಇರಲಿಲ್ಲ. ಮೂಲ ಫೈಲುಗಳನ್ನು ಅಳಿಸಿದ್ದರು, ಕಂಪ್ಯೂಟರಿನಲ್ಲಿ ಜಾಗ ಸಾಲಲಿಲ್ಲ ಎಂದು ಕಾರಣ ಕೊಟ್ಟರು. ಸ್ಯಾಂಪಲ್‌ಗಳು ಎಸೆದುಹೋಗಿದ್ದವು ಅಥವಾ ಹಾಳಾಗಿದ್ದವು. ಸೈನ್ಸ್ 8 ಪೇಪರ್ ವಾಪಸ್ ಪಡೆಯಿತು, ನೇಚರ್ 7. ಪೇಪರಿಗೆ ಜೊತೆಯಲ್ಲಿ ಹೆಸರು ಹಾಕಿದ್ದವರು ಯಾರೂ ತಪ್ಪಿತಸ್ಥರಲ್ಲ ಎಂದಿತು ಸಮಿತಿ.

ನನ್ನ ಮನಸ್ಸು ಇಲ್ಲೇ ನಿಲ್ಲುತ್ತದೆ. ತಪ್ಪಿತಸ್ಥರಲ್ಲ, ಸರಿ. ಆದರೆ ಇಷ್ಟು ದೊಡ್ಡ ಸಂಗತಿಗೆ ಹೆಸರು ಹಾಕುವಾಗ "ಆ ಸ್ಯಾಂಪಲ್ ಒಂದು ಸಲ ತೋರಿಸಪ್ಪಾ" ಎಂದು ಯಾಕೆ ಕೇಳಲಿಲ್ಲ? ಮನೆಗೆ ಹೆಣ್ಣು ನೋಡಲು ಬಂದವರ ಬಗ್ಗೆ ನಾಲ್ಕು ಕಡೆ ವಿಚಾರಿಸುವ ನಾವು, ನಮ್ಮ ಹೆಸರಿನಲ್ಲಿ ಅಚ್ಚಾಗುವ ಮಾತಿನ ಬಗ್ಗೆ ಒಂದು ಕಡೆಯೂ ವಿಚಾರಿಸುವುದಿಲ್ಲ.

ಅಚ್ಚಾಗುವ ಮುಂಚೆ ಪೇಪರ್ ಓದಿ ನೋಡುವ ರಿವ್ಯೂವರ್‌ಗಳು ಹಿಡಿಯಬೇಕಿತ್ತು ಅಲ್ವಾ ಎಂದು ಕೆಮಿಸ್ಟ್ರಿ ಗೊತ್ತಿಲ್ಲದ ಗೆಳೆಯರು ಕೇಳುತ್ತಾರೆ. ಈಗ ನಾನೂ ರಿವ್ಯೂ ಮಾಡುತ್ತೇನೆ. ಸಂಪಾದಕರು ಪೇಪರ್ ಕಳಿಸುತ್ತಾರೆ. ಪಿಜಿ ಸೆಂಟರಿನ ಕ್ಲಾಸು, ವ್ಯಾಲ್ಯುಯೇಷನ್, ನ್ಯಾಕ್ ಫೈಲು ಎಲ್ಲ ಮುಗಿಸಿ ಭಾನುವಾರ ಕೂತು ಓದುತ್ತೇನೆ. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಕೊಡಬೇಕು ಎಂದು ನಾನು ಕೇಳುವುದೂ ಇಲ್ಲ. ನನ್ನ ಪೇಪರನ್ನೂ ಯಾರೋ ಹೀಗೇ ಅವರ ಭಾನುವಾರ ಬಿಟ್ಟು ಓದಿದ್ದಾರೆ. ಆದರೆ ನಾನು ನೋಡುವುದು ಕಾಗದದ ಮೇಲೆ ಇರುವುದನ್ನು. ಲೆಕ್ಕ ಸರಿಯಿದೆಯೇ, ತೀರ್ಮಾನಕ್ಕೆ ಆಧಾರ ಇದೆಯೇ, ಹಿಂದೆ ಮಾಡಿದವರನ್ನು ಹೇಳಿದ್ದಾರೆಯೇ. ಅವರ ಲ್ಯಾಬಿನಲ್ಲಿ ಆ ಫ್ಲಾಸ್ಕ್ ನಿಜವಾಗಿ ಏರಿತ್ತೇ ಎಂದು ನನಗೆ ಕಾಣುವುದಿಲ್ಲ. ಅದು ಏರಿತ್ತು ಎಂದು ನಂಬಿಕೊಂಡೇ ಓದಲು ಶುರು ಮಾಡುತ್ತೇನೆ. ಇಡೀ ಏರ್ಪಾಡು ನಿಂತಿರುವುದು ಆ ಒಂದು ನಂಬಿಕೆಯ ಮೇಲೆ.

ಒಂದು ಸಲ ಅನುಮಾನ ಬಂದು "ಮೂಲ ಡೇಟಾ ಕಳಿಸಿ" ಎಂದು ಬರೆದೆ. ಅವರು ಪೇಪರನ್ನೇ ವಾಪಸ್ ತೆಗೆದುಕೊಂಡರು. ಮೂರು ತಿಂಗಳಲ್ಲಿ ಅದೇ ಪೇಪರ್, ಒಂದು ಅಕ್ಷರ ಬದಲಾಗದೆ, ಬೇರೊಂದು ಜರ್ನಲ್ಲಿನಲ್ಲಿ ಬಂತು. ಆ ಸಂಜೆ ಬಹಳ ಹೊತ್ತು ಸುಮ್ನೆ ಕೂತಿದ್ದೆ.

ರಿವ್ಯೂ ಎಂಬುದು ಸನಾತನ ಪದ್ಧತಿಯೂ ಅಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಶುರುವಾದದ್ದು 1665ರಲ್ಲಿ. ಏನು ಅಚ್ಚಾಗಬೇಕು ಎಂದು ಹೆನ್ರಿ ಓಲ್ಡನ್‌ಬರ್ಗ್ ಎಂಬ ಕಾರ್ಯದರ್ಶಿ ತಾವೇ ನೋಡಿ ಆರಿಸುತ್ತಿದ್ದರು. ನೇಚರ್ ಪತ್ರಿಕೆ ಎಲ್ಲ ಪೇಪರನ್ನೂ ತಪ್ಪದೆ ಹೊರಗಿನವರಿಗೆ ತೋರಿಸತೊಡಗಿದ್ದು 1973ರಿಂದ ಈಚೆಗೆ.

ಹಾಗಾದರೆ ಅದಕ್ಕೆ ಮುಂಚೆ ಜನ ಏನನ್ನು ನಂಬುತ್ತಿದ್ದರು? ಇದಕ್ಕೆ ನಾನು ಕ್ಲಾಸಿನಲ್ಲಿ ಯಾವಾಗಲೂ ರಾಮನ್ ಅವರ ಕಥೆ ಹೇಳುತ್ತೇನೆ. 1928ರ ಫೆಬ್ರುವರಿ 28ರಂದು ಕಲ್ಕತ್ತದಲ್ಲಿ ಅವರು ದ್ರವದಲ್ಲಿ ಚದುರಿ ಬಣ್ಣ ಬದಲಿಸಿದ ಆ ಹೊಸ ಬೆಳಕನ್ನು ಕಂಡರು. ಮಾರ್ಚ್ 16ರಂದು ಬೆಂಗಳೂರಿಗೆ ಬಂದು ಸೌತ್ ಇಂಡಿಯನ್ ಸೈನ್ಸ್ ಅಸೋಸಿಯೇಷನ್‌ನಲ್ಲಿ ಅದರ ಬಗ್ಗೆ ಮಾತಾಡಿದರು. ಆ ಭಾಷಣ ತಿಂಗಳ ಕೊನೆಯೊಳಗೆ ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಅಚ್ಚಾಯಿತು, ಪ್ರತಿಗಳು ಪೋಸ್ಟಿನಲ್ಲಿ ಹೊರದೇಶಗಳಿಗೆ ಹೋದವು. ಅಮೆರಿಕದ ಬಾಲ್ಟಿಮೋರಿನಲ್ಲಿ ಆರ್. ಡಬ್ಲ್ಯು. ವುಡ್ ಎಂಬ ಬೆಳಕಿನ ವಿಜ್ಞಾನದ ದೊಡ್ಡ ಹೆಸರು ಇದ್ದರು. ಅವರು ತಮ್ಮ ಲ್ಯಾಬಿನಲ್ಲಿ ಮಾಡಿ ನೋಡಿದರು. ಬಂತು. ರಾಮನ್ ಹೇಳಿದ್ದು ನಿಜ ಎಂದು ನೇಚರ್‌ಗೆ ತಂತಿ ಕಳಿಸಿದರು. ಬರ್ಲಿನ್ನಿನಲ್ಲಿ ಪ್ರಿಂಗ್ಸ್‌ಹೈಮ್ ಮಾಡಿ ನೋಡಿದರು, ಬಂತು. ಅದಕ್ಕೆ ರಾಮನ್ ಪರಿಣಾಮ ಎಂದು ಕರೆದವರು ಅವರೇ.

ನೀವೂ ಮಾಡಿ ನೋಡಿ, ಬರುತ್ತದೆ. ಪೇಪರ್ ಬರೆಯುವವರು ಓದುವವರಿಗೆ ಕೊಡುವ ಮಾತು ಇಷ್ಟೇ. ಆ ಮಾತಿನ ಮೇಲೆ ಇನ್ನೊಬ್ಬರು ತಮ್ಮ ದಿನಗಳನ್ನು ಹೂಡುತ್ತಾರೆ. ನಾನು ಏಳು ತಿಂಗಳು ಹೂಡಿದ್ದೆ.

ಈಗ ನನ್ನ ವಿದ್ಯಾರ್ಥಿನಿಯ ವಿಷಯಕ್ಕೆ ಬರುತ್ತೇನೆ. ಈ ಬರಹ ಶುರುವಾದದ್ದೇ ಅವಳಿಂದ. ಹೋದ ತಿಂಗಳು ಒಂದು ಮಧ್ಯಾಹ್ನ ಮೊಬೈಲ್ ಹಿಡಿದುಕೊಂಡು ಬಂದಳು. "ಮೇಡಂ, ಇದರಲ್ಲಿ ಹಾಕ್ಲಾ?" ವಾಟ್ಸ್‌ಆ್ಯಪ್‌ನಲ್ಲಿ ಬಂದ ಮೆಸೇಜು. 48 ಗಂಟೆಯಲ್ಲಿ ಆಕ್ಸೆಪ್ಟೆನ್ಸ್ ಲೆಟರ್. ಐಎಸ್‌ಎಸ್‌ಎನ್ ಎಂಬ ಜರ್ನಲ್ ಸಂಖ್ಯೆ ಇದೆ, ಎಷ್ಟು ಜನ ಉಲ್ಲೇಖಿಸುತ್ತಾರೆ ಎಂದು ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ಇದೆ, ಸರ್ಟಿಫಿಕೇಟ್ ಸಮೇತ ಹಾರ್ಡ್ ಕಾಪಿ ಮನೆಗೆ ಬರುತ್ತದೆ. ಕೆಳಗೆ ಇನ್ನೊಂದು ಸಾಲು ಇತ್ತು. ಬರೆದು ತಯಾರಾದ ಪೇಪರಿನಲ್ಲಿ ಹೆಸರು ಬೇಕಿದ್ದರೆ ಅದೂ ಸಿಗುತ್ತದೆ. ಮೊದಲ ಹೆಸರಿಗೆ ಒಂದು ರೇಟು, ಎರಡನೆಯದಕ್ಕೆ ಒಂದು, ಮೂರನೆಯದಕ್ಕೆ ಒಂದು. ಬಸ್ಸಿನಲ್ಲಿ ಸೀಟು ಮಾರುವ ಹಾಗೆ.

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಜೊತೆಯವರು ನಾಲ್ಕೈದು ಜನ ಹೀಗೇ ಹಾಕಿ, ಥೀಸಿಸ್ ಕೊಟ್ಟು, ಅರ್ಜಿಯನ್ನೂ ಹಾಕಿದ್ದಾರೆ. ಇವಳಿಗೆ ಚಿಕ್ಕ ಮಗು ಇದೆ. ದಿನಾ ಒಂದೂವರೆ ಗಂಟೆ ಬಸ್ಸಿನಲ್ಲಿ ಬರುತ್ತಾಳೆ. ಅವಳಿಂದ ಪೇಪರ್ ಕೇಳುತ್ತಿರುವುದು ನಾವೇ.

ಹೇಗೆ ಇಲ್ಲಿಗೆ ಬಂದೆವು ಎಂದು ನನ್ನ ಕಣ್ಣೆದುರೇ ನೋಡಿದ್ದೇನೆ. 2009ರಲ್ಲಿ ವಿಶ್ವವಿದ್ಯಾಲಯಗಳನ್ನು ನೋಡಿಕೊಳ್ಳುವ ಯುಜಿಸಿ ಒಂದು ನಿಯಮ ತಂತು. ಥೀಸಿಸ್ ಕೊಡುವ ಮುಂಚೆ ಒಂದು ಪೇಪರ್ ಅಚ್ಚಾಗಿರಬೇಕು. 2010ರಲ್ಲಿ ಎಪಿಐ ಬಂತು. ಲೆಕ್ಚರರ್‌ಗಳ ಬಡ್ತಿಗೆ ಅಂಕ, ಪೇಪರಿಗೆ ಇಷ್ಟು ಅಂಕ. ಸ್ಟಾಫ್ ರೂಮಿನ ಮಾತೇ ಬದಲಾಯಿತು. "ಏನು ಕೆಲಸ ಮಾಡ್ತಿದ್ದೀರಿ?" ಹೋಗಿ "ಎಷ್ಟು ಪೇಪರ್ ಆಯ್ತು?" ಬಂತು. ಉದ್ದೇಶ ಒಳ್ಳೆಯದೇ ಇತ್ತು, ಮೇಷ್ಟ್ರು ಸಂಶೋಧನೆ ಮಾಡಲಿ ಎಂದು. ಆದರೆ ಲ್ಯಾಬ್ ಇಲ್ಲದ, ಲೈಬ್ರರಿಯಲ್ಲಿ ಜರ್ನಲ್ ಇಲ್ಲದ, ವಾರಕ್ಕೆ 16 ಗಂಟೆ ಪಾಠ ಮಾಡುವ ಕಾಲೇಜಿನ ಮೇಷ್ಟ್ರನ್ನೂ ಅದೇ ತಕ್ಕಡಿಯಲ್ಲಿ ತೂಗಿದರು. ಕೆಲಸ ಮಾಡಲು ಜಾಗ ಕೊಡದೆ ಕೆಲಸದ ರಸೀದಿ ಕೇಳಿದರೆ, ರಸೀದಿ ಅಚ್ಚು ಮಾಡುವವರು ಹುಟ್ಟಿಕೊಳ್ಳುತ್ತಾರೆ.

ಹುಟ್ಟಿಕೊಂಡರು. 2013ರಲ್ಲಿ ಸೈನ್ಸ್ ಪತ್ರಿಕೆಗಾಗಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕೆಂದೇ ತಪ್ಪು ತುಂಬಿದ ಒಂದು ಪೇಪರ್ ಬರೆದರು. ಕಲ್ಲುಹೂವಿನಿಂದ ತೆಗೆದ ಅಣು ಕ್ಯಾನ್ಸರ್ ಕೋಶಗಳನ್ನು ತಡೆಯುತ್ತದೆ ಎಂಬ ಕಥೆ. ಅದನ್ನೇ ಚೂರುಪಾರು ಬದಲಿಸಿ, ದುಡ್ಡು ಪಡೆದು ಪ್ರಕಟಿಸುವ 304 ಜರ್ನಲ್‌ಗಳಿಗೆ ಕಳಿಸಿದರು. ಪಿಯುಸಿ ಕೆಮಿಸ್ಟ್ರಿ ಓದಿದವರೂ ಗ್ರಾಫ್ ನೋಡಿ ಇದು ಸರಿಯಿಲ್ಲ ಎನ್ನಬಹುದಿತ್ತು. 157 ಜರ್ನಲ್‌ಗಳು ಒಪ್ಪಿಕೊಂಡವು. ಅವುಗಳಲ್ಲಿ ನಮ್ಮ ದೇಶದವು 64. ಬೇಡ ಎಂದ ನಮ್ಮವು 15. ಈ ಎರಡು ಸಂಖ್ಯೆ ಓದಿದ ದಿನದ ನಾಚಿಕೆ ನನಗೆ ಇನ್ನೂ ನೆನಪಿದೆ. ಹೈದರಾಬಾದಿನ ಓಮಿಕ್ಸ್ ಎಂಬ ಪ್ರಕಾಶನದ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿತು. ರಿವ್ಯೂ ನಡೆಯುತ್ತದೆ ಎಂದು ಹೇಳಿ ನಡೆಸಲಿಲ್ಲ, ಫೀಸಿನ ವಿಷಯ ಮುಚ್ಚಿಟ್ಟರು ಎಂಬುದು ದೂರು. 2019ರಲ್ಲಿ ಅಲ್ಲಿನ ಕೋರ್ಟು 5 ಕೋಟಿ ಡಾಲರ್‌ಗೂ ಮೇಲೆ ಕಟ್ಟಬೇಕೆಂದು ಆದೇಶ ಮಾಡಿತು.

ಯುಜಿಸಿ ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. 2017ರಲ್ಲಿ ಒಪ್ಪಿತ ಜರ್ನಲ್‌ಗಳ ದೊಡ್ಡ ಪಟ್ಟಿ ತಂದಿತು. ಪಟ್ಟಿಗೇ ನಕಲಿಗಳು ನುಗ್ಗಿದವು. ಬೆಂಗಳೂರಿನಿಂದ 1932ರಿಂದ ಬರುತ್ತಿರುವ ಕರೆಂಟ್ ಸೈನ್ಸ್‌ನಲ್ಲಿ 2018ರಲ್ಲಿ ಭೂಷಣ್ ಪಟವರ್ಧನ್ ಮತ್ತು ಜೊತೆಗಾರರು ಒಂದು ಲೆಕ್ಕ ಕೊಟ್ಟರು. ವಿಶ್ವವಿದ್ಯಾಲಯಗಳೇ ಶಿಫಾರಸು ಮಾಡಿ ಆ ಪಟ್ಟಿಗೆ ಸೇರಿಸಿದ್ದ ಸುಮಾರು ಸಾವಿರ ಜರ್ನಲ್‌ಗಳನ್ನು ನೋಡಿದರೆ, ಶೇ 88ಕ್ಕೂ ಜಾಸ್ತಿ ಕಳಪೆ ಇರಬಹುದು ಎಂದು. ಶಿಫಾರಸು ಮಾಡಿದವರು ವಿಶ್ವವಿದ್ಯಾಲಯದವರು! ಆ ವರ್ಷ ಮೇ ತಿಂಗಳಲ್ಲಿ 4,305 ಜರ್ನಲ್‌ಗಳನ್ನು ಪಟ್ಟಿಯಿಂದ ತೆಗೆದರು. ಆಮೇಲೆ ಯುಜಿಸಿಯದೇ ಕೇರ್ ಎಂಬ ಹೊಸ ಪಟ್ಟಿ ಬಂತು. ಅದರಲ್ಲಿದ್ದ ಒಳ್ಳೆಯ ಜರ್ನಲ್‌ಗಳ ಹೆಸರನ್ನೇ ಕದ್ದು ಸುಳ್ಳು ವೆಬ್‌ಸೈಟ್ ಮಾಡಿದರು. 2025ರ ಫೆಬ್ರುವರಿಯಲ್ಲಿ ಕೇರ್ ಪಟ್ಟಿಯನ್ನೂ ನಿಲ್ಲಿಸಿ, ಯಾವುದು ಒಳ್ಳೆಯದೆಂದು ಆಯಾ ವಿಶ್ವವಿದ್ಯಾಲಯಗಳೇ ನೋಡಿಕೊಳ್ಳಲಿ ಎಂದರು. ಥೀಸಿಸ್‌ಗೆ ಪೇಪರ್ ಕಡ್ಡಾಯ ಎಂಬುದನ್ನು 2022ರಲ್ಲೇ ಬಿಟ್ಟಿದ್ದಾರೆ. ಆದರೆ ಕೆಳಗೆ ಕೇಳುವುದು ನಿಂತಿಲ್ಲ. ಕೆಲಸದ ಅರ್ಜಿಯಲ್ಲಿ ಆ ಕಾಲಮ್ ಇದ್ದೇ ಇದೆ.

ಸಂಶೋಧನಾ ವಿದ್ಯಾರ್ಥಿಗಳಿಗೆ ಇನ್ನೊಂದು ಭಯ ಸಿಮಿಲಾರಿಟಿಯದು. 2018ರ ನಿಯಮದ ಪ್ರಕಾರ ಬೇರೆಯವರ ಬರಹದ ಜೊತೆ ಹೋಲಿಕೆ ಶೇ 10 ದಾಟಬಾರದು. ನಿಯಮ ಸರಿಯಾಗಿಯೇ ಇದೆ. ಆದರೆ ಅದನ್ನು ಇಳಿಸಲು ಪದ ಬದಲಿಸಿಕೊಡುವ ಸಾಫ್ಟ್‌ವೇರ್ ಬಂದಿವೆ. ಸಾಲನ್ನು ಒಳಗೆ ಹಾಕಿದರೆ ಅದೇ ಸಾಲು ಬೇರೆ ಪದಗಳಲ್ಲಿ ಹೊರಗೆ ಬರುತ್ತದೆ. ಫ್ರಾನ್ಸಿನ ಗಿಯೋಮ್ ಕಬನಾಕ್ ಮತ್ತು ಗೆಳೆಯರು 2021ರಲ್ಲಿ ಇಂಥ ಪದಗಳನ್ನು ಹಿಡಿದು ತೋರಿಸಿದರು. ಚಿತ್ರಹಿಂಸೆಗೆ ಸಿಕ್ಕ ಪದಗಳು ಎಂದು ಅವಕ್ಕೆ ಹೆಸರು. ಕೃತಕ ಬುದ್ಧಿಮತ್ತೆ ಎಂದಿರಬೇಕಾದ ಕಡೆ ನಕಲಿ ಪ್ರಜ್ಞೆ ಎಂದು ಬರುತ್ತದೆ. ಸ್ತನ ಕ್ಯಾನ್ಸರ್ ಎನ್ನುವಲ್ಲಿ ಎದೆಯ ಅಪಾಯ. ಸಿಗ್ನಲ್ ಟು ನಾಯ್ಸ್ ಎಂಬ ನಮ್ಮ ದಿನಬಳಕೆಯ ಮಾತು ಫ್ಲ್ಯಾಗ್ ಟು ಕಮೋಷನ್ ಆಗುತ್ತದೆ. ಬಾವುಟ ಮತ್ತು ಗಲಾಟೆ!

ಇದನ್ನು ಓದಿದಾಗ ನಗು ಬರಲಿಲ್ಲ. ನಾಯ್ಸ್ ಎಂದರೆ ಏನೆಂದು ಗೊತ್ತಿಲ್ಲದ ಒಬ್ಬರು ನಾಯ್ಸ್ ಬಗ್ಗೆ ಬರೆದಿದ್ದಾರೆ. ಬರೆದವರು ಅದನ್ನು ಮತ್ತೆ ಓದಿಲ್ಲ. ರಿವ್ಯೂವರ್ ಓದಿಲ್ಲ, ಸಂಪಾದಕರು ಓದಿಲ್ಲ. ಯಾರೂ ಓದದೆ ಅಚ್ಚಾಗಿದೆ. ಹೀಗೆ ಬಂದದ್ದು ಬೀದಿಬದಿಯ ಜರ್ನಲ್‌ಗಳಲ್ಲಿ ಮಾತ್ರ ಅಲ್ಲ, ಹೆಸರಾಂತ ಪ್ರಕಾಶನಗಳಲ್ಲೂ. 2023ರಲ್ಲಿ ಪ್ರಪಂಚದಾದ್ಯಂತ 10 ಸಾವಿರಕ್ಕೂ ಮೇಲೆ ಪೇಪರ್‌ಗಳನ್ನು ವಾಪಸ್ ಪಡೆದರು. ಅದರಲ್ಲಿ 8 ಸಾವಿರಕ್ಕೂ ಜಾಸ್ತಿ ಹಿಂದಾವಿ ಎಂಬ ಒಂದೇ ಪ್ರಕಾಶನದ್ದು. ಅದು ದೊಡ್ಡ ಕಂಪನಿಯಾದ ವೈಲಿಯ ಕೈಯಲ್ಲಿತ್ತು. ವಿಶೇಷ ಸಂಚಿಕೆ ಎಂದು ಹೊರಗಿನ ಸಂಪಾದಕರ ಕೈಗೆ ಬಾಗಿಲ ಕೀಲಿ ಕೊಟ್ಟಿದ್ದರು, ಪೇಪರ್ ತಯಾರಿಸಿ ಮಾರುವವರು ಒಳಗೆ ಬಂದರು.

ಯಾರೂ ಓದದ ಪೇಪರಿನಿಂದ ಯಾರಿಗೇನು ನಷ್ಟ ಎಂದು ಒಬ್ಬ ಸಹೋದ್ಯೋಗಿ ನನ್ನನ್ನು ಕೇಳಿದ್ದರು. ಓದುವವರು ಇದ್ದಾರೆ ಸರ್. ಜರ್ಮನಿಯಲ್ಲಿ ಯೋಆಖಿಮ್ ಬೋಲ್ಟ್ ಎಂಬ ಅರಿವಳಿಕೆ ತಜ್ಞರಿದ್ದರು. ಆಪರೇಷನ್ ಆದವರಿಗೆ, ಐಸಿಯುನಲ್ಲಿ ಇರುವವರಿಗೆ ರಕ್ತನಾಳಕ್ಕೆ ಏರಿಸುವ ಸ್ಟಾರ್ಚ್ ದ್ರಾವಣದ ಮೇಲೆ ಅವರು ರಾಶಿ ರಾಶಿ ಪೇಪರ್ ಬರೆದರು. 2009ರಲ್ಲಿ ಬಂದ ಒಂದು ಪೇಪರ್ ಓದಿದವರಿಗೆ ಅದರ ಅಂಕಿಗಳು ವಿಪರೀತ ಅಚ್ಚುಕಟ್ಟಾಗಿ ಕಂಡವು. ತನಿಖೆ ಆಯಿತು. ಒಂದಾದ ಮೇಲೊಂದು ಅವರ ಪೇಪರ್‌ಗಳನ್ನು ವಾಪಸ್ ಪಡೆಯುತ್ತಾ ಹೋದರು. ಈಗ ಆ ಸಂಖ್ಯೆ 200 ದಾಟಿದೆ. 2013ರಲ್ಲಿ ಕೆನಡಾದ ವೈದ್ಯರು ಆ ದ್ರಾವಣದ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ಲೆಕ್ಕ ಹಾಕಿದರು. ಬೋಲ್ಟ್ ಅವರ ಪ್ರಯೋಗಗಳನ್ನು ತೆಗೆದು ನೋಡಿದಾಗ ಸಾವಿನ ಅಪಾಯ ಹೆಚ್ಚಾಗುವುದು ಕಂಡಿತು. ಮೂತ್ರಪಿಂಡಕ್ಕೂ ಪೆಟ್ಟು. ಅವನ್ನು ಸೇರಿಸಿಕೊಂಡಿದ್ದಾಗ ಅದು ಮಸುಕಾಗಿತ್ತು. ಆ ವರ್ಷಗಳಲ್ಲಿ ಐಸಿಯುವಿನ ಹೊರಗೆ ಬೆಂಚಿನ ಮೇಲೆ ಕೂತಿದ್ದ ಮನೆಯವರಿಗೆ ಜರ್ನಲ್ ಎಂದರೇನು ಎಂದೂ ಗೊತ್ತಿರಲಿಕ್ಕಿಲ್ಲ.

ತಪ್ಪು ಒಪ್ಪಿಕೊಂಡವರೂ ಇದ್ದಾರೆ. ಫ್ರಾನ್ಸಿಸ್ ಆರ್ನಾಲ್ಡ್ ಅವರಿಗೆ 2018ರಲ್ಲಿ ಕೆಮಿಸ್ಟ್ರಿಯ ನೊಬೆಲ್ ಬಂತು. ಮರುವರ್ಷ ಅವರ ಲ್ಯಾಬಿನ ಒಂದು ಪೇಪರ್ ಸೈನ್ಸ್‌ನಲ್ಲಿ ಬಂತು. ಅದನ್ನು ಮತ್ತೆ ಮಾಡಿ ನೋಡಿದರೆ ಬರಲಿಲ್ಲ. ನೋಟ್‌ಬುಕ್ಕಿನಲ್ಲಿ ಮುಖ್ಯವಾದ ಪ್ರಯೋಗಗಳ ದಾಖಲೆ ಇರಲಿಲ್ಲ. 2020ರ ಜನವರಿ 2ರಂದು ಅವರು ಎಲ್ಲರಿಗೂ ಕಾಣುವ ಹಾಗೆ ಟ್ವಿಟರಿನಲ್ಲಿ ಬರೆದರು. ಪೇಪರನ್ನು ವಾಪಸ್ ಪಡೆದಿದ್ದೇವೆ, ಆಗ ನಾನು ಬೇರೆ ಕೆಲಸಗಳಲ್ಲಿದ್ದೆ, ನನ್ನ ಕೆಲಸ ಸರಿಯಾಗಿ ಮಾಡಲಿಲ್ಲ, ಕ್ಷಮಿಸಿ ಎಂದು. ನೊಬೆಲ್ ಬಂದು ಎರಡು ವರ್ಷವೂ ಆಗಿರಲಿಲ್ಲ. ನಮ್ಮ ಬೆಂಗಳೂರಿನ ಎನ್‌ಸಿಬಿಎಸ್ ಎಂಬ ಜೀವವಿಜ್ಞಾನ ಸಂಸ್ಥೆಯಿಂದ 2020ರಲ್ಲಿ ನೇಚರ್ ಕೆಮಿಕಲ್ ಬಯಾಲಜಿಯಲ್ಲಿ ಬಂದ ಪೇಪರಿನ ಚಿತ್ರಗಳ ಬಗ್ಗೆಯೂ ಓದಿದವರು ಪ್ರಶ್ನೆ ಎತ್ತಿದರು. ಸಂಸ್ಥೆ ತನಿಖೆ ಮಾಡಿತು, ವರ್ಷದೊಳಗೆ ಪೇಪರ್ ವಾಪಸ್ ಆಯಿತು. ಎಷ್ಟೋ ಕಡೆ ಇಂಥದ್ದಕ್ಕೆ ಹತ್ತು ವರ್ಷ ಹಿಡಿಯುತ್ತದೆ. ಪೇಪರ್ ವಾಪಸ್ ಪಡೆದರೆ ಮರ್ಯಾದೆ ಹೋಯಿತು ಎಂದು ನಾವು ಮಾತಾಡುತ್ತೇವೆ. ಆದರೆ ನಾನು ಆ ಏಳು ತಿಂಗಳಲ್ಲಿ ಯಾರಾದರೂ ಹೀಗೆ ಹೇಳಲಿ ಎಂದು ಎಷ್ಟು ಕಾಯುತ್ತಿದ್ದೆ ಎಂದು ನನಗೆ ಮಾತ್ರ ಗೊತ್ತು.

ನಾನೇನು ಮಾಡಿದೆ? ಆ ಎರಡು ಗೆರೆ ಕಂಡ ದಿನ ಲೇಖಕರಿಗೆ ಮೇಲ್ ಬರೆದೆ. ಉತ್ತರ ಬರಲಿಲ್ಲ. ಗೈಡ್‌ಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು. "ಇದು ಸುಳ್ಳೇ" ಎಂದರು. ಆಮೇಲೆ "ನಿನಗ್ಯಾಕಮ್ಮಾ ಊರ ಉಸಾಬರಿ, ಮೊದಲು ಥೀಸಿಸ್ ಕೊಡು" ಎಂದರು. ಕೊಟ್ಟೆ. ವೈವಾ ಆಯಿತು, ಕೆಲಸ ಸಿಕ್ಕಿತು. ಜರ್ನಲ್ಲಿನ ಸಂಪಾದಕರಿಗೆ ಬರೆಯಲೇ ಇಲ್ಲ. ಗೈಡ್ ನನ್ನ ಒಳ್ಳೆಯದಕ್ಕೇ ಹೇಳಿದ್ದು. ಬರೆಯದೆ ಇದ್ದದ್ದು ಮಾತ್ರ ನನ್ನದೇ ತಪ್ಪು.

ವಿದ್ಯಾರ್ಥಿನಿಯ ಮೆಸೇಜಿಗೆ ಬೇಡ ಎಂದೆ. ಅಕಾಡೆಮಿಯೊಂದು ನಡೆಸುವ, ಬರೆದವರಿಂದ ದುಡ್ಡು ಕೇಳದ ಜರ್ನಲ್ಲಿಗೆ ಕಳಿಸೋಣ, ಆರು ತಿಂಗಳು ಜಾಸ್ತಿ ಆಗಬಹುದು ಎಂದೆ. ಅವಳ ಮುಖ ಸಣ್ಣದಾಯಿತು. ಆಮೇಲೆ ನೋಟ್‌ಬುಕ್ ತೆಗೆದಳು. ಅವಳ ರಿಯಾಕ್ಷನ್ ಮೂರು ಸಲ ಮಾಡಿದ್ದಳು. 58, 61, 73.

"ಮೇಡಂ, 73 ಒಂದನ್ನೇ ಹಾಕಿದ್ರೆ? ಅದೂ ನಾನೇ ಮಾಡಿದ್ದು ಅಲ್ವಾ, ಸುಳ್ಳೇನಲ್ಲ."

ಸುಳ್ಳಲ್ಲ, ನಿಜ. ಇಲ್ಲಿ ಬೈದರೆ ಪ್ರಯೋಜನ ಇರಲಿಲ್ಲ. ಬೀರುವಿನಿಂದ ನನ್ನ ಹಳೆಯ ನೋಟ್‌ಬುಕ್ ತೆಗೆದು ಅವಳ ಮುಂದಿಟ್ಟೆ. ಪುಟ ಪುಟಕ್ಕೂ 30, 32, 28. ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ "ಕೈ ಸರಿಯಿಲ್ಲ" ಎಂದು ಬರೆದುಕೊಂಡಿದ್ದೆ. ಅದನ್ನು ನಾನೇ ಮರೆತಿದ್ದೆ. ಅವಳು ಅದನ್ನು ಓದಿದಳು. "ನಿನ್ನ 73 ನೋಡಿ ಯಾರೋ ಒಬ್ಬಳು ಎಲ್ಲೋ ಕೂತು ಹೀಗೆ ಬರೆದುಕೊಳ್ಳಬಾರದು. ಮೂರನ್ನೂ ಹಾಕು. 73 ಯಾಕೆ ಬಂತು ಅಂತ ಗೊತ್ತಾಗೋವರೆಗೆ ಇನ್ನೂ ಮಾಡು" ಎಂದೆ.

ಅವಳು ಹೋದ ಮೇಲೆ ಆ ಹಳೆಯ ಪೇಪರನ್ನು ಹುಡುಕಿದೆ. ಇನ್ನೂ ಹಾಗೇ ಇದೆ. ಹೋದ ವರ್ಷವೂ ಬೇರೆಯವರು ತಮ್ಮ ಪೇಪರಿನಲ್ಲಿ ಅದನ್ನು ಸೈಟ್ ಮಾಡಿದ್ದಾರೆ, ಅಂದರೆ ಆಧಾರವಾಗಿ ತೋರಿಸಿದ್ದಾರೆ. ಅವರಲ್ಲಿ ಒಬ್ಬರಾದರೂ ಅದನ್ನು ಮಾಡಿ ನೋಡಲು ಕೂತಿರಬಹುದು. ಎರಡು ಗ್ರಾಫನ್ನೂ ಕತ್ತರಿಸಿ, ಒಂದನ್ನು ಕೆಂಪು, ಇನ್ನೊಂದನ್ನು ನೀಲಿ ಮಾಡಿ, ಒಂದರ ಮೇಲೊಂದು ಇಟ್ಟೆ. ಕೆಂಪು ಎಲ್ಲೂ ಕಾಣಲಿಲ್ಲ. ಸಂಪಾದಕರಿಗೆ ಒಂದು ಪುಟದ ಪತ್ರ ಬರೆದೆ. ಯಾರನ್ನೂ ಕಳ್ಳರು ಎನ್ನಲಿಲ್ಲ. ನಾನು ಮಾಡಿದ್ದು ಇದು, ನನಗೆ ಬಂದದ್ದು ಇದು, ಈ ಚಿತ್ರದ ಮೂಲ ಡೇಟಾ ಕೇಳಿ ನೋಡಿ ಎಂದಷ್ಟೇ ಬರೆದೆ. ಹಳೆಯ ನೋಟ್‌ಬುಕ್ಕಿನ ಪುಟಗಳನ್ನು ಫೋಟೊ ತೆಗೆದು ಜೊತೆಗಿಟ್ಟೆ.

ಕಳಿಸುವ ಮುಂಚೆ ಅವಳನ್ನು ಕರೆದು ಓದಿಸಿದೆ. "ಇಷ್ಟು ವರ್ಷ ಆದ್ಮೇಲೆ ಯಾಕೆ ಮೇಡಂ?" ಎಂದಳು. ಸೈಟ್ ಮಾಡಿದವರ ಪಟ್ಟಿ ತೋರಿಸಿದೆ. ಅವಳು ಇನ್ನೊಮ್ಮೆ ಓದಿ, ಒಂದು ಕಡೆ ತಾರೀಖು ತಪ್ಪಾಗಿದೆ ಎಂದು ತೋರಿಸಿದಳು. ಸರಿ ಮಾಡಿ ಕಳಿಸಿದೆ.

ಮೂರು ವಾರ ಆಯಿತು, ಉತ್ತರ ಬಂದಿಲ್ಲ. ಅವಳ ನಾಲ್ಕನೇ ಸಲದ ರಿಯಾಕ್ಷನ್ ಮೊನ್ನೆ ಮುಗಿಯಿತು, 60 ಬಂತು. 73 ಬಂದ ದಿನ ಪದಾರ್ಥ ಪೂರ್ತಿ ಒಣಗಿರಲಿಲ್ಲವೇನೋ, ಸಾಲ್ವೆಂಟ್ ಸೇರಿ ತೂಕ ಜಾಸ್ತಿ ತೋರಿಸಿದೆಯೇನೋ ಎಂದು ಅವಳಿಗೇ ಅನುಮಾನ ಬಂದಿದೆ. ನಾಳೆ ಬೆಳಿಗ್ಗೆ ಐದನೆಯದು ಏರಿಸುತ್ತಾಳೆ.